ಸ್ಟೀರಿಂಗ್ ಹಿಡಿದು ಎಳೆದರೆ ಮೇಲಕ್ಕೆ ಬಂತು

ನನ್ನ ಕಾರು 1920ರ ದಶಕದ ಕೊನೆಯದು. ಸ್ಟೀರಿಂಗ್‌ನಲ್ಲಿ ಆಟ, ಅಂದರೆ ಸಡಿಲ, ಜಾಸ್ತಿ ಆಗಿತ್ತು. ನೇರ ಹೋಗುವಾಗ ಒಂಥರಾ ಹಳ್ಳಕ್ಕೆ ಬಿದ್ದ ಹಾಗೆ ಅಲ್ಲೇ ಕೂತುಬಿಡುತ್ತಿತ್ತು, ಸ್ವಲ್ಪ ತಿರುಗಿಸಲು ಹೋದರೆ ಟಕ್ ಅಂತ ಬಿಟ್ಟುಕೊಳ್ಳುತ್ತಿತ್ತು.

ಮೊದಲು ನಾನೂ ಎಲ್ಲರ ಹಾಗೆ ಸ್ಟೀರಿಂಗ್ ಬಾಕ್ಸ್‌ನ (ಸ್ಟೀರಿಂಗ್ ಶಾಫ್ಟ್‌ನ ಬುಡದಲ್ಲಿರುವ ಗೇರ್ ಪೆಟ್ಟಿಗೆ) ಹಲ್ಲು ಬಿಗಿ ಮಾಡಿದೆ. ಅದೇ ತಪ್ಪು. ನೇರ ಇರುವಾಗ ಆಟ ಹೋಯಿತು, ಆದರೆ ತಿರುವಿನಲ್ಲಿ ಸ್ಟೀರಿಂಗ್ ಕಲ್ಲಾಯಿತು. ಓಡಿಸುವಾಗ ಹೆಚ್ಚು ಹೊತ್ತು ನೇರವೇ ಇರುತ್ತೇವೆ ಅಲ್ವಾ, ಹಾಗಾಗಿ ನಡುವಿನ ಹಲ್ಲು ಸವೆದಿರುತ್ತದೆ, ಎರಡೂ ತುದಿಯವು ಹೊಸದರ ಹಾಗೇ ಇರುತ್ತವೆ. ನಡುವಿಗೆ ಬಿಗಿ ಮಾಡಿದರೆ ತುದಿಯಲ್ಲಿ ಕಚ್ಚಿಕೊಳ್ಳದೆ ಇನ್ನೇನು?

ಮತ್ತೆ ಸಡಿಲ ಮಾಡಿ ಶುರುವಿನಿಂದ ನೋಡಿದೆ. ಒಬ್ಬರು ಸ್ಟೀರಿಂಗ್ ಅಲ್ಲಾಡಿಸುತ್ತಿದ್ದರು, ನಾನು ಕೆಳಗೆ ಮಲಗಿ ಒಂದೊಂದೇ ಜಾಯಿಂಟ್ ಮೇಲೆ ಕೈ ಇಟ್ಟೆ. ಬಾಕ್ಸ್‌ನಿಂದ ಮುಂದಿನ ಚಕ್ರದವರೆಗೆ ಇರುವ ಕಿಂಗ್ ಪಿನ್, ಟೈ ರಾಡ್, ಡ್ರಾಪ್ ಆರ್ಮ್ ಎಲ್ಲ ಸರಿ ಇತ್ತು. ಕೊನೆಗೆ ಸ್ಟೀರಿಂಗ್ ಚಕ್ರವನ್ನೇ ಎರಡೂ ಕೈಯಲ್ಲಿ ಹಿಡಿದು ನನ್ನ ಕಡೆಗೆ ಎಳೆದೆ, ಇಡೀ ಶಾಫ್ಟ್ ಸುಮಾರು 2 ಮಿಲಿಮೀಟರ್ ಮೇಲೆ ಬಂತು! ವರ್ಮ್‌ನ (ಶಾಫ್ಟ್ ತುದಿಯ ಸ್ಕ್ರೂ ಆಕಾರದ ಗೇರ್) ಮೇಲೆ ಕೆಳಗೆ ಇರುವ, ಶಾಫ್ಟ್ ಮೇಲೆ ಕೆಳಗೆ ಜಾರದಂತೆ ತಡೆಯುವ ಥ್ರಸ್ಟ್ ಬೇರಿಂಗ್ ಹೋಗಿದೆ ಅಂತ ಅಲ್ಲೇ ಗೊತ್ತಾಯಿತು.

ಬಿಚ್ಚಿದಾಗ ಒಳಗೆ ಬರೀ ಗಟ್ಟಿ ಗ್ರೀಸ್. ಇಂಥ ಹಳೇ ಬಾಕ್ಸ್‌ಗಳಿಗೆ ಸರಿಯಾದ ಆಯಿಲ್ ಸೀಲ್ ಇರುವುದಿಲ್ಲ, ಸೋರುತ್ತವೆ. ಹಿಂದೆ ಯಾರೋ ಸೋರದೇ ಇರಲಿ ಅಂತ ಗ್ರೀಸ್ ತುಂಬಿದ್ದರು. ವರ್ಮ್ ತಿರುಗಿ ತಿರುಗಿ ಗ್ರೀಸ್‌ನಲ್ಲಿ ದಾರಿ ಕೊರೆದುಕೊಳ್ಳುತ್ತದೆ, ಪಕ್ಕಕ್ಕೆ ಹೋದ ಗ್ರೀಸ್ ವಾಪಸ್ ಬರುವುದಿಲ್ಲ. ಬೇರಿಂಗ್ ಒಣಗಿ ಕೂತಿತ್ತು.

ಸೀಮೆಎಣ್ಣೆಯಲ್ಲಿ ತೊಳೆದು ರೇಸ್ (ಬಾಲ್‌ಗಳು ಉರುಳುವ ಉಂಗುರ) ಮೇಲೆ ಉಗುರು ಆಡಿಸಿದೆ. ಒಂದೇ ಅಂತರದಲ್ಲಿ ಸಣ್ಣ ಸಣ್ಣ ಗುಳಿಗಳು, ಒಂದು ಬಾಲ್‌ಗೆ ಒಂದು ಗುಳಿ. ನೇರ ಓಡುವಾಗ ರಸ್ತೆಯ ಪೆಟ್ಟೆಲ್ಲ ಬಾಲ್‌ಗಳು ಅದೇ ಜಾಗದಲ್ಲಿ ಕೂತು ತಿಂದಿವೆ. ನಡುವಿನಲ್ಲಿ ಸಿಕ್ಕಿಕೊಳ್ಳುತ್ತಿದ್ದುದು ಇದಕ್ಕೇ. ಸೈಕಲ್ ಹ್ಯಾಂಡಲ್‌ನ ಕಪ್ ಹಾಳಾದಾಗ ಆಗುವುದೂ ಇದೇ ಅಲ್ವಾ? ಎರಡು ಬಾಲ್‌ಗಳ ಮೈ ಸಿಪ್ಪೆ ಎದ್ದಿತ್ತು.

ಬರೀ ಬಾಲ್ ಬದಲಿಸಿದರೆ ಪ್ರಯೋಜನ ಇಲ್ಲ, ರೇಸ್ ಕೂಡ ಹೋಗಬೇಕು. ಉಜ್ಜಿ ನುಣುಪು ಮಾಡೋಣ ಅನಿಸುತ್ತದೆ, ಬೇಡ. ಗಟ್ಟಿ ಪದರ ಹೋದರೆ ಅಡಿಯ ಮೆತ್ತನೆ ಲೋಹ ಬೇಗ ಸವೆಯುತ್ತದೆ. ನನ್ನ ಶಾಫ್ಟ್ ಇಂಚಿನ ಲೆಕ್ಕದ್ದು. 25 ಮಿಲಿಮೀಟರ್ ಬೇರಿಂಗ್ 1 ಇಂಚಿನ ಶಾಫ್ಟ್‌ಗೆ ಇಳಿಯುವುದಿಲ್ಲ, 0.4 ಮಿಲಿಮೀಟರ್ ಕಮ್ಮಿ ಬೀಳುತ್ತದೆ. ಶಾಫ್ಟ್ ಉಜ್ಜುವ ಯೋಚನೆಯನ್ನೂ ಮಾಡಲಿಲ್ಲ. ಇಂಚಿನ ಅಳತೆಯ ಬೇರಿಂಗನ್ನೇ ಹುಡುಕಿದೆ. ಅದರ ಹೊರಸುತ್ತು ಚಿಕ್ಕದಾಯಿತು, ಲೇತ್‌ನಲ್ಲಿ ಒಂದು ಉಂಗುರ ಕಡೆಸಿ ಕೂರಿಸಿದೆ.

ಜೋಡಿಸುವಾಗ ವರ್ಮ್ ಒಂದನ್ನೇ ಮೊದಲು ಹಾಕಿದೆ. ಮೇಲೆ ಕೆಳಗೆ ಒಂದಿಷ್ಟೂ ಅಲ್ಲಾಡಬಾರದು, ಆದರೆ ಬೆರಳಲ್ಲಿ ಸಲೀಸಾಗಿ ತಿರುಗಬೇಕು. ಅಷ್ಟಾದ ಮೇಲೇ ಹಲ್ಲಿನ ಕಡೆಗೆ ಹೋಗಬೇಕು. ನನ್ನದರಲ್ಲಿ ಆಸ್ಟಿನ್ ಸೆವೆನ್ ಅನ್ನುವ ಹಳೇ ಇಂಗ್ಲಿಷ್ ಕಾರಿನ ಹಾಗೆ ವರ್ಮ್‌ಗೆ ಕಚ್ಚಿಕೊಳ್ಳುವ ಹಲ್ಲಿನ ಚಕ್ರ ಪೂರ್ತಿ ಇದೆ, ಅರ್ಧ ತುಂಡಲ್ಲ. ಕಾಲು ಸುತ್ತು ತಿರುಗಿಸಿ ಕೂರಿಸಿದರೆ ಸವೆಯದ ಹಲ್ಲು ಸಿಗುತ್ತದೆ. ಇದನ್ನು ಯೋಚಿಸಿದವರಿಗೆ ಒಂದು ನಮಸ್ಕಾರ!

ಗ್ರೀಸ್ ಬದಲು 140 ನಂಬರಿನ ಗಟ್ಟಿ ಗೇರ್ ಆಯಿಲ್ ಹಾಕಿದೆ. ನಟ್ ಬಿಚ್ಚಿಕೊಳ್ಳದ ಹಾಗೆ ತಡೆಯುವ ಹೊಸ ಸ್ಪ್ಲಿಟ್ ಪಿನ್ ಹಾಕಿ, ಮುಂದಿನ ಚಕ್ರ ಎತ್ತಿಟ್ಟು ಈ ತುದಿಯಿಂದ ಆ ತುದಿಗೆ ಹತ್ತಾರು ಸಲ ತಿರುಗಿಸಿದ ಮೇಲೆಯೇ ರಸ್ತೆಗೆ ಇಳಿಸಿದ್ದು. ಸ್ವಲ್ಪ ಓಡಿದ ಮೇಲೆ ಬೇರಿಂಗ್ ಕೂತು ಮತ್ತೆ ಕೂದಲೆಳೆಯಷ್ಟು ಸಡಿಲ ಬಂತು, ಇನ್ನೊಮ್ಮೆ ಬಿಗಿ ಮಾಡಿದೆ. ಆಯಿಲ್ ಮಾತ್ರ ಈಗಲೂ ತೊಟ್ಟಿಕ್ಕುತ್ತದೆ, ಕೆಳಗೆ ಒಂದು ಡಬ್ಬಿ ಇಟ್ಟಿದ್ದೇನೆ.