ವರ್ಡನ್ ದಾರಿಯಲ್ಲಿ ಫೋರ್ಡ್ ಆಂಬ್ಯುಲೆನ್ಸ್ ಓಡಿಸುವುದು ಹೇಗೆ

ಮೊದಲ ಮಹಾಯುದ್ಧದಲ್ಲಿ, 1915ರಿಂದ, ಅಮೆರಿಕನ್ ಫೀಲ್ಡ್ ಸರ್ವಿಸ್‌ನ ಸ್ವಯಂಸೇವಕರು ಫ್ರೆಂಚ್ ಸೇನೆಯ ಗಾಯಾಳುಗಳನ್ನು ಸಾಗಿಸುತ್ತಿದ್ದದ್ದು ಹೆಚ್ಚಾಗಿ ಫೋರ್ಡ್ ಮಾಡೆಲ್ ಟಿ ಗಾಡಿಯಲ್ಲಿ. ಇದರ ದೊಡ್ಡ ಗುಣ ಹಗುರ. ಚರಂಡಿಗೆ ಇಳಿದರೆ ನಾಲ್ಕೈದು ಸೈನಿಕರು ಕೈ ಹಾಕಿ ಎತ್ತಿ ರಸ್ತೆಗಿಡಬಹುದು. ದೊಡ್ಡ ಕಾರುಗಳಲ್ಲಿ ಪಳಗಿದವರಿಗೆ ಮಾತ್ರ ಮೊದಲ ವಾರ ಕಷ್ಟ, ಏಕೆಂದರೆ ಕಾಲಿನ ಅಭ್ಯಾಸವನ್ನೆಲ್ಲ ಮರೆಯಬೇಕು. ಇಂದು ಹಳೆಯ ಮಾಡೆಲ್ ಟಿ ಓಡಿಸಲು ಸಿಕ್ಕವರಿಗೂ ಇದೇ ಪಾಠ.

ಮೊದಲು ಹ್ಯಾಂಡಲ್. ಹ್ಯಾಂಡ್‌ಬ್ರೇಕ್ ಪೂರ್ತಿ ಹಿಂದಕ್ಕೆಳೆಯಿರಿ. ಅದರಿಂದ ಬ್ರೇಕೂ ಬೀಳುತ್ತದೆ, ಗಾಡಿ ನ್ಯೂಟ್ರಲ್‌ಗೂ ಬರುತ್ತದೆ. ಸ್ಟೀರಿಂಗ್ ಕೆಳಗೆ ಎಡಗಡೆ ಇರುವುದು ಸ್ಪಾರ್ಕ್ ಕಡ್ಡಿ, ಇಂಜಿನ್‌ನೊಳಗೆ ಕಿಡಿ ಬೀಳುವ ಹೊತ್ತನ್ನು ಹಿಂದುಮುಂದು ಮಾಡುವುದು, ಅದು ಪೂರ್ತಿ ಮೇಲಿರಲಿ. ಬಲಗಡೆಯದು ಥ್ರಾಟಲ್, ಅಂದರೆ ಕೈಯ ಆಕ್ಸಿಲರೇಟರ್, ಐದಾರು ಹಲ್ಲು ಕೆಳಗಿಳಿಸಿ. ಮುಂದೆ ಬಂದು, ರೇಡಿಯೇಟರ್ ಪಕ್ಕ ಇಣುಕುವ ಚೋಕ್ ತಂತಿ ಎಳೆದು, ಹ್ಯಾಂಡಲನ್ನು ಒಳಕ್ಕೊತ್ತಿ ಹಲ್ಲು ಕಚ್ಚಿಸಿ, ಎಡಗೈಯಲ್ಲಿ ಕೆಳಗಿನಿಂದ ಮೇಲಕ್ಕೆ ಒಂದೇ ಸಲ ಎಳೆಯಿರಿ. ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲೇ ಇರಬೇಕು, ಹಿಡಿಯ ಸುತ್ತ ಬಳಸಬಾರದು. ಸ್ಪಾರ್ಕ್ ಕಡ್ಡಿ ಕೆಳಗೆ ಉಳಿದಿದ್ದರೆ ಪಿಸ್ಟನ್ ಮೇಲೆ ಬರುವ ಮೊದಲೇ ಬೆಂಕಿ ಹತ್ತಿ ಹ್ಯಾಂಡಲ್ ಹಿಂದಕ್ಕೆ ಒದೆಯುತ್ತದೆ. ಮಣಿಕಟ್ಟು ಮುರಿಯುವುದು ಹಾಗೆಯೇ. ಮೇಲಿನಿಂದ ಕೆಳಕ್ಕೆ ಒತ್ತಿ ತಿರುಗಿಸುವವರಿಗೆ ಆ ಒದೆತ ನೇರ ತೋಳಿಗೇ ಬೀಳುತ್ತದೆ. ನಮ್ಮಲ್ಲಿ ಹ್ಯಾಂಡಲ್ ಹೊಡೆದು ಲಾರಿ ಸ್ಟಾರ್ಟ್ ಮಾಡುತ್ತಿದ್ದ ಕ್ಲೀನರುಗಳಿಗೆ ಇದನ್ನು ಹೇಳಿಕೊಡಬೇಕಾಗಿರಲಿಲ್ಲ.

ಚಳಿಗಾಲದ ಬೆಳಿಗ್ಗೆ ಇನ್ನೊಂದು ಪೀಡೆ. ಆಯಿಲ್ ಗಟ್ಟಿಯಾಗಿ ಕ್ಲಚ್ ತಟ್ಟೆಗಳು ಅಂಟಿಕೊಂಡಿರುತ್ತವೆ, ನ್ಯೂಟ್ರಲ್‌ನಲ್ಲಿದ್ದರೂ ಸ್ಟಾರ್ಟ್ ಆದ ಕೂಡಲೇ ಗಾಡಿ ನಿಮ್ಮ ಮೇಲೆಯೇ ತೆವಳಿಕೊಂಡು ಬರುತ್ತದೆ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಒಂದು ಹಿಂಚಕ್ರಕ್ಕೆ ಜಾಕ್ ಹಾಕಿ ಎತ್ತಿ, ಆಮೇಲೆ ಹ್ಯಾಂಡಲ್ ಹೊಡೆಯಿರಿ.

ಪೆಡಲ್ ಮೂರು, ಆಕ್ಸಿಲರೇಟರ್ ಅವುಗಳಲ್ಲಿ ಇಲ್ಲ, ಅದು ಕೈಯಲ್ಲಿ. ಎಡ ಪೆಡಲ್ ತಳಕ್ಕೊತ್ತಿದರೆ ಫಸ್ಟ್ ಗೇರ್, ಅರ್ಧಕ್ಕೆ ಹಿಡಿದರೆ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಮುಂದಕ್ಕೆ ತಳ್ಳಿ ಕಾಲು ಬಿಟ್ಟರೆ ಟಾಪ್. ನಡುವಿನದು ರಿವರ್ಸ್, ಬಲದ್ದು ಬ್ರೇಕ್. ಗಾಬರಿಯಲ್ಲಿ ಎಡಗಾಲನ್ನು ಪೂರ್ತಿ ಒತ್ತಿಬಿಟ್ಟರೆ ಗಾಡಿ ನಿಲ್ಲುವುದಿಲ್ಲ, ಫಸ್ಟ್ ಗೇರ್‌ನಲ್ಲಿ ಮುಂದೆ ನುಗ್ಗುತ್ತದೆ.

ಕಾಲಿನ ಬ್ರೇಕ್ ಚಕ್ರ ಹಿಡಿಯುವುದಲ್ಲ, ಗೇರ್‌ಬಾಕ್ಸ್ ಒಳಗಿನ ಡ್ರಮ್ಮನ್ನು ಬಟ್ಟೆಯ ಪಟ್ಟಿಯಿಂದ ಹಿಡಿಯುವುದು. ಫ್ರಾನ್ಸಿನ ವೋಜ್ ಬೆಟ್ಟಗಳಂಥ ಉದ್ದ ಇಳಿಜಾರಿನಲ್ಲಿ ಅದೊಂದನ್ನೇ ತುಳಿದರೆ ಪಟ್ಟಿ ಸುಟ್ಟುಹೋಗುತ್ತದೆ. ಥ್ರಾಟಲ್ ಮುಚ್ಚಿ, ಒಮ್ಮೆ ಫಸ್ಟ್ ಗೇರ್, ಒಮ್ಮೆ ಬ್ರೇಕ್, ಒಮ್ಮೆ ರಿವರ್ಸ್ ಪೆಡಲನ್ನು ಮೆಲ್ಲಗೆ, ಹೀಗೆ ಸರದಿಯಲ್ಲಿ ಒತ್ತುತ್ತ ಇಳಿಯಿರಿ. ಫಸ್ಟ್ ಗೇರಿನ ಪಟ್ಟಿ ಸಡಿಲವಾದರೆ ಹೊರಗಿನ ಸ್ಕ್ರೂ ತಿರುಗಿಸಿ ಬಿಗಿಮಾಡಬಹುದು. ಉಳಿದೆರಡಕ್ಕೆ ಮೇಲಿನ ಮುಚ್ಚಳ ಬಿಚ್ಚಬೇಕು. ಬಿಚ್ಚುವಾಗ ಒಂದು ನಟ್ಟು ಒಳಗೆ ಬಿದ್ದರೆ ಆ ದಿನ ಮುಗಿಯಿತೆಂದೇ ಲೆಕ್ಕ. ತೂತುಗಳಿಗೆ ಬಟ್ಟೆ ತುರುಕಿ ಕೆಲಸಕ್ಕಿಳಿಯಿರಿ.

ಕಡಿದಾದ ಏರಿನಲ್ಲಿ ಇಂಜಿನ್ ಕೆಮ್ಮಿ ನಿಂತರೆ ಕಾರ್ಬ್ಯುರೇಟರ್ ಬಿಚ್ಚಲು ಹೋಗಬೇಡಿ. ಟ್ಯಾಂಕ್ ಸೀಟಿನ ಕೆಳಗಿದೆ, ಪಂಪ್ ಇಲ್ಲ, ಪೆಟ್ರೋಲ್ ತಾನಾಗಿ ಇಳಿದುಬರಬೇಕು. ಮೂತಿ ಮೇಲಾದಾಗ, ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆಯಿದ್ದರೆ, ಅದು ಇಳಿಯುವುದೇ ಇಲ್ಲ. ಗಾಡಿ ತಿರುಗಿಸಿ ರಿವರ್ಸ್‌ನಲ್ಲಿ ಹತ್ತಿಸಿ. ರಿವರ್ಸ್ ಅನುಪಾತ 4:1, ಫಸ್ಟ್ ಗೇರ್ 2.75:1 ಮಾತ್ರ, ಹಾಗಾಗಿ ಎಳೆತವೂ ಹೆಚ್ಚು.

ಮಲಗಿ ಬರುವ ಗಾಯಾಳುಗಳು ಮೂವರು, ಇಲ್ಲವೇ ಕೂತು ಬರುವವರು ನಾಲ್ವರು, ಇದು ಗಾಡಿಯ ಹಿಂದಿನ ಡಬ್ಬಿಯ ಲೆಕ್ಕ. ಫ್ರೆಂಚರು ಮಲಗಿದವರನ್ನು ‘ಕೂಶೆ’, ಕೂತವರನ್ನು ‘ಅಸ್ಸಿ’ ಎನ್ನುತ್ತಾರೆ. ಕೂಶೆ ಇದ್ದರೆ ನಡಿಗೆಯ ವೇಗಕ್ಕೂ ನಾಚಬೇಡಿ. ಒಳಗಿಂದ ‘ದೂಸ್‌ಮಾಂ’ ಎಂದು ಕೇಳಿದರೆ ‘ಮೆಲ್ಲಗೆ’ ಎಂದರ್ಥ. ಶೆಲ್ ಬಿದ್ದ ಗುಂಡಿ ಎದುರಾದರೆ ಗುಂಡಿಯ ಅಂಚಿನಲ್ಲಿ ಬ್ರೇಕ್ ಬಿಟ್ಟುಬಿಡಿ. ಬ್ರೇಕ್ ಹಿಡಿದೇ ಇಳಿದರೆ ಸ್ಪ್ರಿಂಗ್ ಬಿಗಿದುಕೊಂಡು ಏಟು ಪೂರ್ತಿ ಸ್ಟ್ರೆಚರಿಗೆ ಹೋಗುತ್ತದೆ.

ರಾತ್ರಿ ಮುಂಚೂಣಿಯ ಹತ್ತಿರ ದೀಪ ಹಚ್ಚುವಂತಿಲ್ಲ. ಹಚ್ಚಬಹುದಾದಲ್ಲೂ ಅದು ಮ್ಯಾಗ್ನೆಟೊ ದೀಪ, ಇಂಜಿನ್ ತಿರುಗಿದರಷ್ಟೇ ಅದಕ್ಕೆ ವಿದ್ಯುತ್, ಇಂಜಿನ್ ನಿಧಾನವಾದರೆ ಮಿಣುಕುತ್ತದೆ. ಹಗಲಲ್ಲೇ ದಾರಿಯನ್ನು ಒಮ್ಮೆ ಹೋಗಿಬಂದು ತಿರುವು, ಗುಂಡಿ ಎಣಿಸಿಕೊಳ್ಳಿ. 1916ರಲ್ಲಿ ಫ್ರಾನ್ಸಿನ ಬಾರ್-ಲ-ದುಕ್‌ ಊರಿನಿಂದ ಯುದ್ಧ ನಡೆಯುತ್ತಿದ್ದ ವರ್ಡನ್‌ಗೆ ಹೋಗುವ ರಸ್ತೆಯಲ್ಲಿ ಲಾರಿಗಳ ಸಾಲು ಹರಿಯುತ್ತಲೇ ಇತ್ತು. ಕೆಟ್ಟು ನಿಂತ ಗಾಡಿಯನ್ನು ಪಕ್ಕಕ್ಕೆ ತಳ್ಳಿಬಿಡುತ್ತಿದ್ದರು, ವಾದ ಮಾಡಿ ಪ್ರಯೋಜನವಿರಲಿಲ್ಲ.

ರಸ್ತೆ ದುರಸ್ತಿಗೆ ಸುರಿಯುವ ಜಲ್ಲಿ ಟೈರು ಕುಯ್ಯುತ್ತದೆ. ಮುಂದಿನ ಟೈರು 30×3, ಹಿಂದಿನದು 30×3½ ಇಂಚು. ಒಂದೇ ಅಳತೆಯ ಟ್ಯೂಬ್ ತಂದವನು ದಾರಿಯಲ್ಲೇ ಕೂರುತ್ತಾನೆ. ರಿಮ್ ಬಿಚ್ಚಲು ಬರುವುದಿಲ್ಲ, ಚಕ್ರದ ಮೇಲೆಯೇ ಟೈರು ಎಬ್ಬಿಸಬೇಕು, ಕತ್ತಲಲ್ಲಿ ಕೂಡ. ಲೀವರುಗಳು ಯಾವಾಗಲೂ ಒಂದೇ ಜಾಗದಲ್ಲಿರಲಿ.

ವಾಪಸು ಬಂದಮೇಲೆ ಗಾಡಿ ಕೆಳಗೆ ತೂರಿ ಆಯಿಲ್ ನೋಡಿ. ಫ್ಲೈವೀಲ್ ಡಬ್ಬಿಯ ಹಿಂದೆ ಮೇಲೊಂದು ಕೆಳಗೊಂದು ಪುಟ್ಟ ನಲ್ಲಿಗಳಿವೆ. ಕೆಳಗಿನದು ಸುರಿಯಬೇಕು, ಮೇಲಿನದು ಸುರಿಯಬಾರದು. ಎರಡೂ ಒಣಗಿದ್ದರೆ ಆಯಿಲ್ ಹಾಕದೆ ಇಂಜಿನ್ ಮುಟ್ಟಬೇಡಿ. ಹಿಮ ಬೀಳುವ ರಾತ್ರಿ ರೇಡಿಯೇಟರಿಗೆ ಸ್ಪಿರಿಟ್ ಬೆರೆಸಿರಬೇಕು, ಇಲ್ಲವೇ ನೀರು ಪೂರ್ತಿ ಇಳಿಸಬೇಕು. ಇಳಿಸಿದರೆ ಆ ವಿಷಯ ಬರೆದ ಚೀಟಿಯೊಂದನ್ನು ಸ್ಟೀರಿಂಗಿಗೆ ಕಟ್ಟಿ. ನಡುರಾತ್ರಿ ಕರೆ ಬಂದಾಗ ಆ ಗಾಡಿ ಹತ್ತುವವರು ಬೇರೆಯವರೂ ಆಗಿರಬಹುದು.