ಬೀಟೆ ಮರ ಎಷ್ಟಿದೆ ಅಂತ ಕೇಳಬಾರದಿತ್ತು

ಪೊನ್ನಂಪೇಟೆಯ ಅರಣ್ಯ ಕಾಲೇಜಿನ ಜೂನಿಯರ್‌ಗಳು ಆಗಾಗ ಫೋನ್ ಮಾಡುತ್ತಾರೆ. "ಅಕ್ಕಾ, ಫಾರೆಸ್ಟ್ರಿ ಓದಿ ಸಮಾಜ ವಿಜ್ಞಾನದ ಪಿಎಚ್.ಡಿ.ಗೆ ಹೋಗಿದ್ದು ಹೇಗೆ?" ನಿಜ ಹೇಳಬೇಕೆಂದರೆ, ಒಂದು ಪ್ರಶ್ನೆ ತಪ್ಪಾಗಿ ಕೇಳಿ ಹೋದೆ.

ನನ್ನ ಊರು ಸೋಮವಾರಪೇಟೆ ಕಡೆ. ಮನೆಯಲ್ಲಿ ಮೂರು ಎಕರೆ ಕಾಫಿ. ಬಿ.ಎಸ್ಸಿ., ಎಂ.ಎಸ್ಸಿ. ಎರಡೂ ಪೊನ್ನಂಪೇಟೆಯಲ್ಲೇ ಆಯಿತು. ಎಂ.ಎಸ್ಸಿ. ಪ್ರಬಂಧಕ್ಕೆ ಕಾಫಿ ತೋಟದ ನೆರಳು ಮರಗಳನ್ನು ಹಿಡಿದುಕೊಂಡೆ. ಕೆಲಸ ಸುಲಭ ಅನ್ನಿಸಿತ್ತು. ನೆಲದಿಂದ 1.37 ಮೀಟರ್ ಎತ್ತರದಲ್ಲಿ ಟೇಪ್ ಸುತ್ತು, ಸುತ್ತಳತೆ ಬರೆದುಕೋ, ಮುಂದಿನ ಮರಕ್ಕೆ ಹೋಗು. ಜೊತೆಗೆ ಮಾಲೀಕರಿಗೆ ಒಂದು ಪ್ರಶ್ನಾವಳಿ. 64 ಪ್ರಶ್ನೆ!

ಮೊದಲ ತೋಟದ ಯಜಮಾನರು ಕಾಫಿ ಕೊಟ್ಟರು, ಚೆನ್ನಾಗಿಯೇ ಮಾತಾಡಿದರು. ಸಿಲ್ವರ್ ಓಕ್ ಎಷ್ಟಿದೆ ಅಂದೆ. ಥಟ್ಟನೆ ಹೇಳಿದರು, ಎಷ್ಟರ ಮೇಲೆ ಮೆಣಸಿನ ಬಳ್ಳಿ ಹಬ್ಬಿದೆ ಅನ್ನೋದನ್ನೂ ಸೇರಿಸಿ. ಮುಂದಿನ ಪ್ರಶ್ನೆ ರೋಸ್‌ವುಡ್ ಬಗ್ಗೆ, "ಬೀಟೆ ಎಷ್ಟಿದೆ?" ಅವರು ಲೋಟ ಕೆಳಗಿಟ್ಟರು. "ನೀವು ಫಾರೆಸ್ಟ್ ಆಫೀಸಿಂದ ಬಂದಿದ್ದಾ?" ಅಲ್ಲ, ಕಾಲೇಜಿನವಳು ಅಂದೆ. ನನ್ನ ಫೈಲ್ ಮೇಲೆ ದೊಡ್ಡದಾಗಿ 'ಅರಣ್ಯ' ಅಂತಿತ್ತು. ಆಮೇಲೆ ಕೇಳಿದ್ದಕ್ಕೆಲ್ಲ "ಹೂಂ" ಅಂತಲೇ ಉತ್ತರ. ಆ 64ರಲ್ಲಿ ಒಂದೂ ಉಪಯೋಗಕ್ಕೆ ಬರಲಿಲ್ಲ.

ಕಾರಣ ಹಾಸ್ಟೆಲ್‌ಗೆ ಬಂದ ಮೇಲೆ ತಿಳಿಯಿತು. ತೋಟದವರ ಮಗಳಾಗಿದ್ದೂ ನನಗೆ ಗೊತ್ತಿರಲಿಲ್ಲ, ಅದೇ ನಾಚಿಕೆ. ಕೊಡಗಿನಲ್ಲಿ ಜಾಗ ನಿಮ್ಮದಾದರೂ ಮರ ನಿಮ್ಮದೇ ಆಗಿರಬೇಕು ಅಂತಿಲ್ಲ. ಹಿಂದೆ ಮರದ ಬೆಲೆ ಸರ್ಕಾರಕ್ಕೆ ಕಟ್ಟಿದ ಜಾಗ 'ರಿಡೀಮ್ಡ್', ಕಟ್ಟದ ಜಾಗ 'ಅನ್‌ರಿಡೀಮ್ಡ್'. ಕಟ್ಟದ ಜಾಗದಲ್ಲಿ ಮರದ ಹಕ್ಕು ಸರ್ಕಾರದ್ದು. ಬಾಣೆ, ಜಮ್ಮಾ ಅನ್ನೋ ಕೊಡಗಿನ ಹಳೆಯ ಭೂ ಹಿಡುವಳಿಗಳ ಲೆಕ್ಕ ಇನ್ನೂ ಬೇರೆ. ಆದರೆ ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕ್ ಕಡಿಯೋಕೆ ಇಷ್ಟೆಲ್ಲ ತಾಪತ್ರಯ ಇಲ್ಲ. ಬೇಗ ಬೆಳೆಯುತ್ತೆ, ಬೇಕಾದಾಗ ಕಡಿದು ಮಾರಬಹುದು. ಹಾಗಿರುವಾಗ ಬೀಟೆ ಸಸಿಯನ್ನು ಯಾರು ಉಳಿಸಿಕೊಳ್ಳುತ್ತಾರೆ? ಕಳೆ ತೆಗೆಯುವಾಗ ಕತ್ತಿ ತಾಗಿಬಿಡುತ್ತೆ, ಅಷ್ಟೇ. ತೋಟದಲ್ಲಿ ಯಾವ ಮರ ಇದೆ ಅನ್ನೋದರ ಹಿಂದೆ ಮಣ್ಣು ಮಳೆ ಮಾತ್ರ ಅಲ್ಲ, ಪಹಣಿಯೂ ಇದೆ. ಟೇಪ್ ಹಿಡಿದು ಇದನ್ನು ಅಳೆಯೋಕಾಗಲ್ಲ. ನಾನು ದಾರಿ ಬದಲಿಸಿದ್ದು ಅಲ್ಲಿ.

ಪ್ರಶ್ನೆ 64 ಇದ್ದದ್ದು 19 ಆಯಿತು. ಬೀಟೆ ಎಷ್ಟು ಅನ್ನೋದು ಹೋಯಿತು. ಅದರ ಬದಲು, "ನಿಮ್ಮ ಅಜ್ಜನ ಕಾಲದಲ್ಲಿ ಈ ತೋಟ ಹೇಗಿತ್ತು?" ಇಷ್ಟು ಕೇಳಿದರೆ ಸಾಕು, ಒಂದು ಗಂಟೆ ಮಾತು. ಆನೆ ಬರುತ್ತೆ ಅಂತ ಹಲಸಿನ ಕಾಯಿಯನ್ನು ಎಳೆಯದರಲ್ಲೇ ಕೀಳಿಸುವ ವಿಷಯ ಗೊತ್ತಾಗಿದ್ದು ಹಾಗೆ. ರೋಬಸ್ಟಾ ಕೊಯ್ಲಿನ ಜನವರಿ, ಫೆಬ್ರವರಿಯಲ್ಲಿ ಯಾರ ಮನೆಗೂ ಹೋಗಬೇಡಿ. ಕೊಯ್ಲು ಮುಗಿದು, ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮೇಲೆ ಹೋಗಿ. ಹೂಮಳೆ ಸರಿಯಾಗಿ ಬಿದ್ದಿದ್ದರೆ ಮಾತೂ ಚೆನ್ನಾಗಿರುತ್ತೆ.

ಇನ್ನೊಂದು ತಪ್ಪು. ತೋಟದ ಕೆಲಸಗಾರರ ಲೈನ್ ಮನೆಯಲ್ಲಿರುವ ಯರವ ಬುಡಕಟ್ಟಿನ ಹೆಂಗಸರನ್ನು ಮಾಲೀಕರ ಎದುರೇ ಮಾತಾಡಿಸಿದೆ. "ಎಲ್ಲಾ ಚೆನ್ನಾಗಿದೆ" ಅಂದರು. ಇನ್ನೇನು ಹೇಳ್ತಾರೆ, ಅಲ್ವಾ? ಆಮೇಲೆ ಸಂತೆ ದಿನ ಬಸ್ ಸ್ಟ್ಯಾಂಡ್‌ನಲ್ಲಿ ಅವರೇ ಸಿಕ್ಕಾಗ ಮಾತು ಬೇರೆಯೇ ಇತ್ತು. ಸಹಿ ಹಾಕಿ ಅಂದರೆ ಹೆದರುತ್ತಾರೆ. ಬಾಯಿಮಾತಿನ ಒಪ್ಪಿಗೆ ತೆಗೆದುಕೊಳ್ಳಲು ಎಥಿಕ್ಸ್ ಸಮಿತಿಯಿಂದ ಮೊದಲೇ ಅನುಮತಿ ಪಡೆಯಿರಿ.

ಈಗ ಸೀಟಿನ ವಿಷಯ. ಪಿಎಚ್.ಡಿ.ಗೆ ಗೈಡ್ ಹುಡುಕುವಾಗ ಮೊದಲು 12 ಪುಟದ ಪ್ರಸ್ತಾವ ಕಳಿಸುತ್ತಿದ್ದೆ. ಜವಾಬೇ ಇಲ್ಲ. ಕೊನೆಗೆ ಒಂದೇ ಪುಟ ಬರೆದೆ: ಬೀಟೆಯ ಕಥೆ, ಅದರಿಂದ ಹುಟ್ಟಿದ ಪ್ರಶ್ನೆ, ನಾನು ಯಾವ ಹಳ್ಳಿಗಳಲ್ಲಿ ಕೆಲಸ ಮಾಡಬಲ್ಲೆ. ಮೂರು ದಿನಕ್ಕೆ ಒಬ್ಬ ಪ್ರೊಫೆಸರ್‌ರಿಂದ ಉತ್ತರ ಬಂತು. ಈಗ ಬೆಂಗಳೂರಿನಲ್ಲಿ ಅವರ ಹತ್ತಿರವೇ ಇದ್ದೇನೆ.

ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ, ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆ ಇಂಥ ಕಡೆ ವಿಚಾರಿಸಿ. ಯುಜಿಸಿ ನೆಟ್ ಪರೀಕ್ಷೆ ಬರೆಯಿರಿ, 2024ರಿಂದ ಪಿಎಚ್.ಡಿ. ಪ್ರವೇಶಕ್ಕೂ ಅದರ ಅಂಕ ಲೆಕ್ಕಕ್ಕಿದೆ. ಅದರಲ್ಲಿ ಜೆಆರ್‌ಎಫ್ ಅನ್ನೋ ಸಂಶೋಧನಾ ಫೆಲೋಶಿಪ್ ಸಿಕ್ಕಿದರೆ 2023ರ ಪರಿಷ್ಕರಣೆ ಪ್ರಕಾರ ತಿಂಗಳಿಗೆ 37,000 ರೂಪಾಯಿ. ಅಮೆರಿಕದ ಕಡೆ ಮನಸ್ಸಿದ್ದರೆ ಅರ್ಜಿಗಿಂತ ಮೊದಲು ಪ್ರೊಫೆಸರ್‌ಗೆ ಬರೆಯಬೇಕು. ಹಣ ಇರೋದು ಅವರ ಪ್ರಾಜೆಕ್ಟ್‌ನಲ್ಲಿ. ನಾಗರಹೊಳೆ, ಬ್ರಹ್ಮಗಿರಿಯಂಥ ಕಾಡಿನೊಳಗೆ ಕೆಲಸವಿದ್ದರೆ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕೇ ಬೇಕು. ಸೀಟು ಸಿಕ್ಕ ವಾರವೇ ಅರ್ಜಿ ಹಾಕಿ, ಸುಮ್ನೆ ಕಾಯಬೇಡಿ.

ಕಳೆದ ಏಪ್ರಿಲ್‌ನಲ್ಲಿ ಆ ಮೊದಲ ತೋಟಕ್ಕೆ ಮತ್ತೆ ಹೋಗಿದ್ದೆ, ಫೈಲ್ ಇಲ್ಲದೆ. ನನ್ನ ಪ್ರಬಂಧದ ಎರಡು ಪುಟದ ಕನ್ನಡ ಸಾರ ಕೊಟ್ಟೆ. ಯಜಮಾನರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. "ಇದರಲ್ಲಿ ನನ್ನ ಹೆಸರು ಎಲ್ಲೂ ಇಲ್ಲವಲ್ಲ?" ಅಂದರು. ಇಲ್ಲ ಅಂದೆ. ಪುಟ ಮಡಚಿ ಜೇಬಿಗಿಟ್ಟುಕೊಂಡು, "ಹನ್ನೊಂದಿದೆ, ಹೊಳೆ ಕಡೆ" ಅಂದರು.