ಗಿನಿ ಕೋಳಿ ತರುವ ಮುನ್ನ ಪಕ್ಕದ ಮನೆಯವರನ್ನು ಕೇಳಿ

ಮೊದಲೇ ಹೇಳಿಬಿಡುತ್ತೇನೆ. ಗೋಡೆಗೆ ಗೋಡೆ ಅಂಟಿದ ಮನೆಗಳ ಬೀದಿಯಲ್ಲಿದ್ದರೆ ಗಿನಿ ಕೋಳಿ ಬೇಡ. ಹೊಸಬರು ಬಂದರೆ ಕೂಗು, ನಾಯಿ ಬಂದರೆ ಕೂಗು, ಗಾಳಿಗೆ ಪ್ಲಾಸ್ಟಿಕ್ ಚೀಲ ಹಾರಿದರೂ ಕೂಗು. ಒಂದು ಶುರು ಮಾಡಿತು ಅಂದರೆ ಮಿಕ್ಕವೆಲ್ಲ ದನಿಗೂಡಿಸುತ್ತವೆ. ತೋಟದ ಮನೆಯವರಿಗೆ ಮಾತ್ರ ಇದೇ ಕೂಗು ಕಾವಲು.

ಕೆಲವರು ಇದನ್ನು ‘ಗಿಣಿ ಕೋಳಿ’ ಅನ್ನುತ್ತಾರೆ. ಗಿಣಿಗೂ ಇದಕ್ಕೂ ಸಂಬಂಧವಿಲ್ಲ. ಪಶ್ಚಿಮ ಆಫ್ರಿಕಾದ ಗಿನಿ ಕರಾವಳಿಯಿಂದ ಬಂದ ಹೆಸರದು. ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಹುಲ್ಲುಗಾವಲುಗಳಲ್ಲಿ ಇದರ ಕಾಡು ಬಂಧುಗಳು ಇಂದಿಗೂ ಗುಂಪಾಗಿ ಮೇಯುತ್ತವೆ. ಬೂದು ಮೈಯ ತುಂಬ ಬಿಳಿ ಚುಕ್ಕೆ, ಬೋಳು ಕುತ್ತಿಗೆ, ತಲೆಯ ಮೇಲೊಂದು ಮೂಳೆಯ ಕೊಂಬು. ಹಗಲೆಲ್ಲ ನೆಲ ಕೆದಕಿ ಹುಳ, ಬೀಜ ತಿನ್ನುತ್ತವೆ. ಕತ್ತಲಾದರೆ ಮರ ಹತ್ತುತ್ತವೆ. ನಮ್ಮ ಅಂಗಳಕ್ಕೆ ಬಂದ ಹಕ್ಕಿಯೂ ಈ ಚಾಳಿ ಬಿಟ್ಟಿಲ್ಲ. ಇದನ್ನು ನಾಟಿ ಕೋಳಿ ಅಂದುಕೊಂಡು ಸಾಕಿದವರು ಕೈಸುಟ್ಟುಕೊಳ್ಳುವುದು ಅದಕ್ಕೇ.

1. ಮೊಟ್ಟೆ ಅಥವಾ ಮರಿ ತನ್ನಿ

ದೊಡ್ಡ ಹಕ್ಕಿ ತರಬೇಡಿ. ಬಿಟ್ಟ ದಿನವೇ ಹಳೆಯ ಮನೆ ಹುಡುಕಿಕೊಂಡು ಹೊರಟುಬಿಡುತ್ತದೆ. ಉತ್ತರ ಪ್ರದೇಶದ ಇಜ್ಜತ್‌ನಗರದಲ್ಲಿರುವ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆಯ ತಳಿಗಳ ಹೆಸರು ಕಾದಂಬರಿ, ಚಿತಂಬರಿ, ಶ್ವೇತಾಂಬರಿ. ಕಾದಂಬರಿ ಅಂದರೆ ಇಲ್ಲಿ ಓದುವುದಲ್ಲ, ಚುಕ್ಕೆ ಚುಕ್ಕೆಯ ಬೂದು ಹಕ್ಕಿ.

ಮೊಟ್ಟೆ ಸಿಕ್ಕಿದರೆ ಕಾವಿಗೆ ಕೂತ ನಾಟಿ ಕೋಳಿಯ ಕೆಳಗಿಡಿ. ಹನ್ನೆರಡರಿಂದ ಹದಿನೈದು ಸಾಕು. ಆದರೆ ಕೋಳಿ ಮೊಟ್ಟೆಯ ಜೊತೆ ಬೆರೆಸಬೇಡಿ. ಕೋಳಿ ಮೊಟ್ಟೆಗೆ 21 ದಿನ, ಇದಕ್ಕೆ 26ರಿಂದ 28 ದಿನ. ತನ್ನ ಮರಿ ಹೊರಬಂದ ಕೂಡಲೇ ತಾಯಿ ಎದ್ದು ಹೋಗುತ್ತಾಳೆ, ಉಳಿದ ಮೊಟ್ಟೆ ತಣ್ಣಗಾಗುತ್ತದೆ.

2. ಮೊದಲ ಆರು ವಾರ ಒಣಗಿರಲಿ, ಬೆಚ್ಚಗಿರಲಿ

ನಾನು ಎಡವಿದ್ದು ಇಲ್ಲೇ. ಪುಟ್ಟ ಮರಿಗಳು ತಾಯಿಯ ಹಿಂದೆ ಓಡುವುದು ಚೆಂದ ಅಂತ ಬೆಳಿಗ್ಗೆಯೇ ಹುಲ್ಲಿಗೆ ಬಿಟ್ಟೆ. ಇಬ್ಬನಿಯಲ್ಲಿ ನೆನೆದು ನಡುಗಿದವು. ಸಂಜೆ ಎಣಿಸಿದಾಗ ಅರ್ಧಕ್ಕರ್ಧ ಇರಲಿಲ್ಲ. ಗಿನಿ ಮರಿಗೆ ಒದ್ದೆ ಅಂದರೆ ಸಾವು.

ಬಲ್ಬ್ ಹಾಕಿದ ಪೆಟ್ಟಿಗೆಯಲ್ಲಿಡಿ. ಮೊದಲ ವಾರ ಸುಮಾರು 35 ಡಿಗ್ರಿ ಶಾಖ ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಿ. ಥರ್ಮಾಮೀಟರ್ ಇಲ್ಲವೇ? ಮರಿಗಳನ್ನೇ ನೋಡಿ. ಬಲ್ಬಿನ ಕೆಳಗೆ ಗುಂಪುಗೂಡಿದರೆ ಚಳಿ, ಮೂಲೆಗೆ ಓಡಿದರೆ ಸೆಕೆ.

ಪೇಪರಿನಲ್ಲಿ ಬರೆಯುತ್ತಾ ಹೀಗೆ ಹೇಳಬಾರದು, ಆದರೂ ಹೇಳುತ್ತೇನೆ: ನೆಲಕ್ಕೆ ಪೇಪರ್ ಹಾಸಬೇಡಿ. ಕಾಲು ಜಾರಿ ಅಗಲವಾಗಿ ಸೊಟ್ಟಗಾಗುತ್ತದೆ. ಗೋಣಿ ತುಂಡು ಹಾಸಿ. ನೀರಿನ ತಟ್ಟೆಗೆ ಬೆಣಚುಕಲ್ಲು ತುಂಬಿಸಿ, ಇಲ್ಲದಿದ್ದರೆ ಅದರಲ್ಲೇ ಬಿದ್ದು ಮುಳುಗುತ್ತವೆ. ಬರೀ ನುಚ್ಚು ಸಾಲದು. ಶುರುವಿನಲ್ಲಿ ಪ್ರೋಟೀನ್ ಜಾಸ್ತಿ ಬೇಕು, ಹತ್ತಿರ ಹತ್ತಿರ 24 ಶೇಕಡಾ. ಗೆದ್ದಲು ಸಿಕ್ಕರೆ ಹಬ್ಬ. ಪೆಟ್ಟಿಗೆಗೆ ಬಲೆ ಮುಚ್ಚಿ, ವಾರದೊಳಗೇ ರೆಕ್ಕೆ ಬಡಿದು ಮೇಲೇರಲು ನೋಡುತ್ತವೆ.

3. ಗೂಡಿನ ರೂಢಿ ಮಾಡಿಸಿ

ಇನ್ನೂ ಆರು ವಾರ ದೊಡ್ಡ ಗೂಡಿನಲ್ಲಿ ಕೂಡಿಹಾಕಿ. ನಾಲ್ಕೈದು ಅಡಿ ಎತ್ತರಕ್ಕೆ ಗಳ ಕಟ್ಟಿ, ಮರದ ಕೊಂಬೆಯ ಬದಲು ಅದರ ಮೇಲೆ ಮಲಗಲಿ. ದಿನಾ ಸಂಜೆ ಒಂದೇ ಹೊತ್ತಿಗೆ, ಒಂದೇ ಸದ್ದು ಮಾಡಿ ನವಣೆ ಚೆಲ್ಲಿ.

ಮೊದಲ ದಿನ ಒಂದೇ ಒಂದನ್ನು ಹೊರಬಿಡಿ, ಅದೂ ಸಂಜೆ, ಹಸಿದಾಗ. ಒಂಟಿಯಾಗಿರುವುದು ಈ ಹಕ್ಕಿಗೆ ಆಗಿಬರುವುದಿಲ್ಲ. ಒಳಗಿನವರ ಕೂಗು ಕೇಳುತ್ತಾ ಗೂಡಿನ ಸುತ್ತಲೇ ಸುಳಿಯುತ್ತದೆ. ಮರುದಿನ ಎರಡು, ಆಮೇಲೆ ನಾಲ್ಕು. ಕತ್ತಲೆ ಗೂಡಿಗೆ ನುಗ್ಗಲು ಹೆದರುತ್ತವೆ, ಒಳಗೊಂದು ಸಣ್ಣ ದೀಪ ಇರಲಿ. ಮರದ ಮೇಲೆ ಉಳಿದದ್ದು ಗೂಬೆಯ ಪಾಲು.

4. ಗಂಡು ಹೆಣ್ಣು ಗುರುತಿಸಿ

ನೋಡಿದರೆ ಎರಡೂ ಒಂದೇ ಥರ. ಕಿವಿಗೊಡಿ. ಎರಡು ತಿಂಗಳಾಗುವ ಹೊತ್ತಿಗೆ ಹೆಣ್ಣು ಎರಡು ತುಂಡಾಗಿ ಕೂಗುತ್ತದೆ. ಗಂಡಿನದು ಒಂದೇ ತುಂಡು, ಅದನ್ನೇ ಮತ್ತೆ ಮತ್ತೆ ‘ಚೀ-ಚೀ-ಚೀ’ ಅಂತ. ಹೆಣ್ಣೂ ಗಾಬರಿಯಾದರೆ ಹಾಗೇ ಕೂಗಬಹುದು. ಹಾಗಾಗಿ ಎರಡು ತುಂಡಿನ ಕೂಗು ಕೇಳಿದರೆ ಮಾತ್ರ ಖಾತ್ರಿ. ಕಾಡಿನಲ್ಲಿ ಜೋಡಿ ಕಟ್ಟುವ ಹಕ್ಕಿ ಇದು. ಮನೆಯಲ್ಲಿ ನಾಲ್ಕು ಹೆಣ್ಣಿಗೆ ಒಂದು ಗಂಡು ಸಾಕು.

ಹಾವಿನ ವಿಷಯ ಎಲ್ಲರೂ ಕೇಳುತ್ತಾರೆ. ಹಾವು ಕಂಡರೆ ಸುತ್ತುವರಿದು ಗಲಾಟೆ ಎಬ್ಬಿಸುವುದು ನಿಜ. ಹಾವೇ ಬರುವುದಿಲ್ಲ ಅನ್ನುವುದನ್ನು ನಂಬಿ ಬರಿಗಾಲಲ್ಲಿ ಓಡಾಡಬೇಡಿ. ಉಣ್ಣಿ ಹುಳ, ಮಿಡತೆಗಳನ್ನಂತೂ ಚೆನ್ನಾಗಿ ಹೆಕ್ಕುತ್ತವೆ.

5. ಮೊಟ್ಟೆ ಹುಡುಕಿ

ವರ್ಷವಿಡೀ ಇಡುವುದಿಲ್ಲ, ಕಾಲ ನೋಡಿ ಇಡುತ್ತವೆ. ಗೂಡಿನಲ್ಲಿ ಬುಟ್ಟಿ ಇಟ್ಟರೂ ಪೊದೆಯೇ ಇಷ್ಟ. ಮಧ್ಯಾಹ್ನದ ಹೊತ್ತಿಗೆ ಒಂದು ಗಂಡು ಸುಮ್ನೆ ಪೊದೆಯ ಬಳಿ ನಿಂತಿದ್ದರೆ ಅಲ್ಲೇ ಬಗ್ಗಿ ನೋಡಿ. ಎರಡು ಮೂರು ಹೆಣ್ಣುಗಳು ಒಂದೇ ಗುಳಿಯಲ್ಲಿ ಇಟ್ಟಿರುತ್ತವೆ. ಮೊಟ್ಟೆ ಕೋಳಿಯದಕ್ಕಿಂತ ಚಿಕ್ಕದು, ಚಿಪ್ಪು ಮಾತ್ರ ಗಟ್ಟಿ. ಹಕ್ಕಿ ಹತ್ತಿರವಿಲ್ಲದಾಗ ಉದ್ದ ಹಿಡಿಯ ಸೌಟಿನಿಂದ ಎತ್ತಿ, ನಾಲ್ಕೈದು ಅಲ್ಲೇ ಬಿಡಿ. ಪೂರ್ತಿ ಬರಿದು ಮಾಡಿದರೆ ನಾಳೆಯಿಂದ ಬೇರೆ ಪೊದೆ, ನಿಮಗೆ ಮತ್ತೆ ಹುಡುಕಾಟ.